ಎಡಗೈ ಮೇಲಿನ ನಾಲ್ಕು ಅಕ್ಷರ

ಆ ಭಾನುವಾರ ಎಲ್ಲ ಭಾನುವಾರದ ಹಾಗೇ ಇತ್ತು. ದಸರಾಕ್ಕೆ ಹದಿನೈದು ದಿನ ಉಳಿದಿತ್ತು. ನನ್ನ ಗಂಡ ಕೆಸರೆಯ ನಮ್ಮ ಮನೆ ಜಗಲಿ ಮೇಲೆ ಕೂತು, ನೀರು ಹಾಕಿ ಅರಳಿಸಿದ ಸುಣ್ಣವನ್ನು ಹಳೆ ಪಂಚೆಯಲ್ಲಿ ಸೋಸುತ್ತಿದ್ದರು. ನಾನು ಪಕ್ಕದಲ್ಲಿ ಹುರುಳಿ ಆರಿಸುತ್ತಿದ್ದೆ. ಕಣ್ಣು ಮಾತ್ರ ಮೊರದ ಮೇಲೆ ಇರಲಿಲ್ಲ, ಅವರ ಎಡಗೈ ಮೇಲಿತ್ತು.

ಅವರ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಬರೆದರೆ ತಪ್ಪಿಲ್ಲ ಅಂದುಕೊಂಡಿದ್ದೇನೆ. ನಿಂಗಯ್ಯ. ಸುಣ್ಣ ಬಳಿಯುವುದು ಕಸುಬು. ದಸರಾ ಹತ್ತಿರ ಬಂದರೆ ಮೈಸೂರಿನ ಗೋಡೆಗೆಲ್ಲ ಸುಣ್ಣ ಆಗಬೇಕು, ಆಗ ಅವರು ಮನೆಗೆ ಉಣ್ಣಲು ಮಲಗಲು ಮಾತ್ರ ಬರುವವರು. ಎತ್ತರದ ಆಳು. ಮಾತು ಕಡಿಮೆ. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡು ಏಳುವವರು. ಗೋಡೆ ವಿಷಯ ಬಂದರೆ ಮಾತ್ರ ಹಟ. ಹಳೆ ಪದರ ಕೆರೆಯದೆ ಹೊಸ ಸುಣ್ಣ ಬಳಿಯುತ್ತಿರಲಿಲ್ಲ. ಮನೆಯವರು ಅವಸರ ಮಾಡಿದರೆ ಕುಂಚ ಎತ್ತಿಕೊಂಡು ಬಂದುಬಿಡುವರು. ಕೆಳಗಿನ ಕಲೆ ಒಂದು ಮಳೆಗಾಲ ಸುಮ್ಮನಿದ್ದು ಆಮೇಲೆ ಎದ್ದು ಬರುತ್ತದೆ ಅನ್ನುವರು.

ಅವರ ಎಡ ಮುಂಗೈ ಮೇಲೆ ಹಸಿರು ಹಚ್ಚೆ ಇತ್ತು. ನಾಲ್ಕು ಅಕ್ಷರ. ಚೆಲುವಮ್ಮ.

ಚೆಲುವಮ್ಮ ಅವರ ಮೊದಲ ಹೆಂಡತಿ. ವಿಷಮಜ್ವರ ಬಂದು ನಲವತ್ತೊಂಬತ್ತನೇ ಇಸವಿಯಲ್ಲಿ ಸತ್ತಳು. ಮಕ್ಕಳಿಲ್ಲ. ಎರಡು ವರ್ಷ ಬಿಟ್ಟು ನನ್ನನ್ನು ತಂದರು. ನಾನು ಮೂರನೇ ಕ್ಲಾಸಿನ ತನಕ ಓದಿದ್ದೆ. ಗಂಡನ ಮನೆಯಲ್ಲಿ ನಾನು ಮೊದಲು ಓದಿದ ಪದ ಅದೇ. ಊಟಕ್ಕೆ ಇಕ್ಕಲು ಬಗ್ಗಿದಾಗ ಓದಿದೆ. ಓದು ಬಾರದಿದ್ದರೆ ಯಾವುದೋ ಬಳ್ಳಿ ಅಂದುಕೊಂಡು ಇದ್ದುಬಿಡುತ್ತಿದ್ದೆ.

ಗಂಡಸರು ದೇವರ ಹೆಸರನ್ನೋ ತಾಯಿ ಹೆಸರನ್ನೋ ಹಾಕಿಸಿಕೊಳ್ಳುವುದು ಉಂಟು. ಹೆಂಡತಿ ಹೆಸರು ಹಾಕಿಸಿಕೊಂಡವರನ್ನು ನಾನು ಕಂಡಿರಲಿಲ್ಲ. ಹಚ್ಚೆ ಹಾಕುವವಳಿಗೆ ಅಕ್ಷರ ಬಾರದು, ಹಾಗಾಗಿ ಇವರೇ ಇದ್ದಿಲಿನಲ್ಲಿ ಕೈ ಮೇಲೆ ಬರೆದು ಕೊಟ್ಟಿದ್ದರಂತೆ. ಅದು ನನಗೆ ಇನ್ನೂ ಉರಿಯಿತು. ಸೂಜಿ ಬೇರೆಯವರದು, ಬರವಣಿಗೆ ಇವರದು.

ಇನ್ನೊಂದು ಇತ್ತು. ನಮ್ಮಲ್ಲಿ ಎರಡನೆಯವಳಾಗಿ ಬಂದವಳು ಸತ್ತವಳ ಹೆಸರಿನಲ್ಲಿ ಒಂದು ಚಿನ್ನದ ಬೊಟ್ಟು ಮಾಡಿಸಿ ತನ್ನ ತಾಳಿಯ ಜೊತೆಗೇ ಪೋಣಿಸಿಕೊಳ್ಳಬೇಕು. ಇಲ್ಲದಿದ್ದರೆ ಹಿರಿಯವಳು ಕಾಡುತ್ತಾಳೆ ಅನ್ನುತ್ತಾರೆ. ಅವರ ಕೈ ಮೇಲೂ ಅವಳು, ನನ್ನ ಕೊರಳಲ್ಲೂ ಅವಳು. ಏಳು ವರ್ಷ ಹಾಗೆ ಸಂಸಾರ ಮಾಡಿದೆ.

ಒಂದು ಸಲ ಅವರೇ ಹೇಳಿದರು, "ನಿನ್ನೆಸ್ರೂ ಹಾಕಿಸ್ಬುಡ್ತೀನಿ ಕಣೆ ದೇವಿರಿ. ಕೆಳಗೆ ಜಾಗ ಐತೆ."

"ಅವಳ ಕಾಲ್ ಕೆಳಗಾ?" ಅಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಬರೀ ಹೆಸರಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಸತ್ತಾಗ ಒಡವೆ, ಬಟ್ಟೆ ಎಲ್ಲ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಒಂದೇ ಜೊತೆಗೆ ಹೋಗುವುದು ಅಂತ ನಮ್ಮ ಹೆಂಗಸರೆಲ್ಲ ನಂಬುತ್ತಾರೆ. ನಾನೂ ನಂಬುತ್ತೇನೆ. ಅವಳು ಮೊದಲೇ ಹೋಗಿ ಅಲ್ಲಿ ಕೂತಿದ್ದಾಳೆ. ಇವರು ಅವಳ ಹೆಸರು ಹೊತ್ತುಕೊಂಡು ಹೋದರೆ ನಾನು ಹೋಗುವ ಹೊತ್ತಿಗೆ ನನ್ನನ್ನು ಯಾರು ಅಂತ ಕೇಳುತ್ತಾರೆ? ಅವರು ಸಾಯುವುದರೊಳಗೆ ಅದು ಹೋಗಬೇಕು. ನನಗೆ ಬೇಕಾಗಿದ್ದು ಅಷ್ಟೇ. ಇಬ್ಬರಿಗೂ ಇನ್ನೂ ವಯಸ್ಸಿದೆ, ಕಾಲ ಬೇಕಾದಷ್ಟಿದೆ ಅಂದುಕೊಂಡಿದ್ದೆ.

ಆ ಭಾನುವಾರ ಹಚ್ಚೆ ಹಾಕುವ ಬೆಟ್ಟಮ್ಮ ಬೀದಿಗೆ ಬಂದಳು. ನಾನೇ ಕರೆದೆ. ಅವಳು ಇವರ ಕೈ ಹಿಡಿದು ತಿರುಗಿಸಿ ನೋಡಿ, ಇದನ್ನು ಚುಚ್ಚಿದ್ದು ತಾನೇ ಅಂದಳು.

"ಮುಚ್ಬೋದು ಕಣವ್ವ. ಈ ಬಾಲಕ್ಕೊಂದು ಎಲೆ, ಈ ಗುಂಡಿನ ಮ್ಯಾಲೊಂದು ಗಿಳಿ ಕೂರಿಸ್ಬುಟ್ರೆ ಯಾರ ಕಣ್ಗೂ ಬೀಳಾಕಿಲ್ಲ."

ಒಳಗೆ ಹೆಸರು ಇರುತ್ತದಾ ಅಂತ ಕೇಳಿದೆ. ಇರದೆ ಎಲ್ಲಿಗೆ ಹೋಗುತ್ತದೆ ಅಂದಳು. ತೆಗೆಯುವುದಕ್ಕೆ ಆಗುವುದಿಲ್ಲವಾ ಅಂದೆ. ಸುಣ್ಣಕ್ಕೆ ಸೋಡಾ ಕಲಸಿ ಮೆತ್ತುವವರು ಇದ್ದಾರೆ, ಚರ್ಮವಂತೂ ಹೋಗುತ್ತದೆ, ಹೆಸರು ಹೋಗುತ್ತದೋ ಇಲ್ಲವೋ ತನಗೆ ಗೊತ್ತಿಲ್ಲ, ತಾನಂತೂ ಹೇಳುವುದಿಲ್ಲ ಅಂದಳು.

ಇವರು ಗಿಳಿಯೇ ಇರಲಿ ಅಂದರು. ಕೈ ಚಾಚಿಕೊಂಡು ಕೂತೇಬಿಟ್ಟರು. ನನಗೆ ತಡೆಯಲಿಲ್ಲ. ಗಿಳಿಯ ಹೊಟ್ಟೆಯೊಳಗೆ ಅವಳನ್ನು ಬಚ್ಚಿಟ್ಟುಕೊಂಡು ಓಡಾಡುತ್ತಾರೆ ಅನ್ನಿಸಿತು.

"ಗೋಡೆಗೊಂದು ನ್ಯಾಯ, ಕೈಗೊಂದು ನ್ಯಾಯ್ವಾ?" ಅಂದೆ. "ಕೆರೀದೆ ಬಳೀಬಾರ್ದು ಅಂತ ಊರಿಗೆಲ್ಲ ಹೇಳ್ತೀರಲ್ಲ."

ಬೆಟ್ಟಮ್ಮ ಸೂಜಿ ಡಬ್ಬಿ ಮುಚ್ಚಿದಳು. ಗಂಡ ಹೆಂಡಿರು ಮಾತಾಡಿಕೊಳ್ಳಿ, ಬರುವ ವಾರ ಬರುತ್ತೇನೆ ಅಂತ ಎದ್ದು ಹೋದಳು. ಇವರು ಮತ್ತೆ ಪಂಚೆ ಎತ್ತಿಕೊಂಡರು. ಸುಣ್ಣ ಸೋಸಿ ಮುಗಿಸಿದರು. ಸಂಜೆ ಬಟ್ಟೆ ಸೋಡಾ ಎಲ್ಲಿದೆ ಅಂತ ಕೇಳಿದರು. ಎಲ್ಲಿದೆ ಅಂತ ಹೇಳಿದೆ. ಅದನ್ನು ಬರೆಯದೆ ಬಿಡಬಾರದು. ನಾನೇ ಹೇಳಿದೆ.

ಹಿತ್ತಿಲಲ್ಲಿ ಕೂತು ತಾವೇ ಮೆತ್ತಿಕೊಂಡರು. ಹಲ್ಲು ಕಚ್ಚಿದ್ದು ಕಂಡಿತು. ನನಗೆ ಮರುಕವೂ ಆಯಿತು, ಖುಷಿಯೂ ಆಯಿತು. ಖುಷಿಯೇ ಹೆಚ್ಚು. ಸೋಮವಾರ ಕೈ ಊದಿಕೊಂಡು ಬೊಬ್ಬೆ ಎದ್ದಿತು. ಬೆಣ್ಣೆ ಸವರಿ ನನ್ನ ಹಳೆ ಸೀರೆಯ ತುಂಡು ಕಟ್ಟಿದೆ. ಎರಡು ದಿನ ಮನೆಯಲ್ಲಿರಿ ಅಂದೆ. ಒಂದು ಛತ್ರದ ಗೋಡೆ ಅರ್ಧ ಆಗಿದೆ, ನಿಲ್ಲಿಸಲು ಆಗುವುದಿಲ್ಲ ಅಂದರು. ಮಂಗಳವಾರ ಹೊರಟರು. ಬಾಗಿಲಲ್ಲಿ ನಿಂತು ಕಟ್ಟಿದ ಕೈ ತೋರಿಸಿ, "ಈಗ ಸರೋಯ್ತಾ?" ಅಂದರು. ಕೋಪ ಇರಲಿಲ್ಲ.

ಮಧ್ಯಾಹ್ನ ಅವರ ಜೊತೆ ಕೆಲಸ ಮಾಡುವ ಗುರುಮಲ್ಲಪ್ಪ ಓಡಿ ಬಂದರು. ಸುಣ್ಣ ಬಳಿಯುವವರು ಎಡಗೈಯಲ್ಲಿ ಏಣಿ ಹಿಡಿದು ಬಲಗೈಯಲ್ಲಿ ಕುಂಚ ಆಡಿಸುತ್ತಾರೆ. ಮಹಡಿಯ ಸೂರಿನ ಹತ್ತಿರ ಇದ್ದ ಇವರು ಬಿದ್ದು ಅಲ್ಲೇ ಪ್ರಾಣ ಬಿಟ್ಟಿದ್ದರು. ಏಣಿ ಅಲುಗಿತೋ, ಕೈ ಬಿಟ್ಟಿತೋ ಅಂತ ಕೇಳಿದೆ. ಗುರುಮಲ್ಲಪ್ಪ ನೆಲ ನೋಡಿಕೊಂಡು, ತಾನು ಸುಣ್ಣ ಕದಡುತ್ತಿದ್ದೆ, ನೋಡಲಿಲ್ಲ ಅಂದರು. ಅವರು ನೋಡಿದ್ದರು ಅಂತ ನನಗೆ ಗೊತ್ತು.

ಹೆಣಕ್ಕೆ ನೀರು ಹುಯ್ಯುವಾಗ ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಚರ್ಮ ಸುಲಿದು ಹೋಗಿತ್ತು. ಹೆಸರು ಹೋಗಿರಲಿಲ್ಲ. ಕೆಂಪು ಮಾಂಸದ ಮೇಲೆ ನಾಲ್ಕು ಅಕ್ಷರವೂ ಮೊದಲಿಗಿಂತ ಚೆನ್ನಾಗಿ ಕಾಣುತ್ತಿದ್ದವು, ನಿನ್ನೆ ಬರೆದ ಹಾಗೆ.

ನನ್ನ ಗಂಡ ಸತ್ತು ಮಲಗಿದ್ದಾರೆ, ನಾನು ಅವಳ ಹೆಸರು ನೋಡಿ ಉರಿಯುತ್ತಿದ್ದೇನೆ. ಮುಚ್ಚುವುದು ಬೇಡ ಅಂತ ಹಟ ಮಾಡಿದವಳು ನಾನೇ ಆಗ ಮುಚ್ಚಿದೆ. ವಿಭೂತಿ ನೆನೆಸಿ ಆ ಕೈಗೆ ದಪ್ಪಗೆ ಮೆತ್ತಿದೆ. ಅವರ ಅಕ್ಕ ಮಂಗಳಮ್ಮ ನನ್ನನ್ನೇ ನೋಡುತ್ತಿದ್ದರು. ಕೊನೆ ಬಿಂದಿಗೆ ಎತ್ತಿ ಆ ಕೈ ಮೇಲೇ ಹುಯ್ದರು. ವಿಭೂತಿ ಕರಗಿ ಹೋಯಿತು.

"ಬುಟ್ಬುಡು ದೇವಿರಿ," ಅಂದರು. "ಅವ್ನು ಬದುಕಿದ್ದಾಗ ಅವಳು ಅವನ್ನ ನಿಂಗೆ ಬುಟ್ಕೊಟ್ಟವ್ಳೆ. ಈಗ ಅವಳ್ಗೆ ಬುಡು."

ನಾನು ಬಿಡಲಿಲ್ಲ. ಬಿಡದಿದ್ದರೂ ಮಾಡಲು ಏನೂ ಉಳಿದಿರಲಿಲ್ಲ. ಹಾಗೆಯೇ ಮಣ್ಣು ಮಾಡಿದರು.

ಅಂದು ಗಿಳಿ ಹಾಕಿಸಿಕೊಂಡಿದ್ದರೆ ಇಂದಿಗೂ ಸುಣ್ಣ ಸೋಸಿಕೊಂಡು ಇರುತ್ತಿದ್ದರು. ಅದು ಗೊತ್ತಿದೆ. ಹಾಗೆ ಇದ್ದಿದ್ದರೆ ದಿನಾ ಆ ಗಿಳಿಯನ್ನು ನೋಡಿ ಉರಿಯುತ್ತಿದ್ದೆ. ಅದೂ ಗೊತ್ತಿದೆ. ಉರಿದರೂ ಅವರು ಕಣ್ಣ ಮುಂದೆ ಇರುತ್ತಿದ್ದರು.

ಹನ್ನೊಂದನೇ ದಿನ ನನ್ನ ತಾಳಿ ತೆಗೆದರು. ಅದೇ ದಾರದಲ್ಲಿದ್ದ ಚೆಲುವಮ್ಮನ ಬೊಟ್ಟನ್ನು ಮಂಗಳಮ್ಮ ಬಿಡಿಸಿ ನನ್ನ ಕೈಗೆ ಇಟ್ಟರು. ಅವಳು ಮುತ್ತೈದೆಯಾಗಿ ಹೋದವಳು, ಅವಳದನ್ನು ತೆಗೆಯುವ ಹಾಗಿಲ್ಲ, ದಿನಾ ಕುಂಕುಮ ಇಡಬೇಕು ಅಂದರು. ಬಾವಿಗೆ ಎಸೆಯಬೇಕು ಅನ್ನಿಸಿತು. ಆ ಲೋಕದಲ್ಲಿ ಅವರ ಹತ್ತಿರ ಚಾಡಿ ಹೇಳುತ್ತಾಳೆ ಅಂತ ಎಸೆಯಲಿಲ್ಲ.

ಮೂರು ವರ್ಷ ಆಯಿತು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಗೋಡೆಯ ಗೂಡಿನಲ್ಲಿರುವ ಆ ಬೊಟ್ಟನ್ನು ಒರೆಸಿ ಅದಕ್ಕೆ ಕುಂಕುಮ ಇಡುತ್ತೇನೆ. ಬೆರಳಿಗೆ ಕೆಂಪು ಉಳಿದರೆ ಬೀದಿಯವರು ಮಾತಾಡುತ್ತಾರೆ. ಬಚ್ಚಲಿಗೆ ಹೋಗಿ ಉಜ್ಜಿ ತೊಳೆದುಕೊಂಡು, ಒಲೆ ಹಚ್ಚುತ್ತೇನೆ.