ಶೇಷಪ್ಪ ಭಾವನ ಇನ್ನೂರು ಕಿಲೋಮೀಟರ್

"ಎಲ್ಲಿಗೆ ಹೊರಟದ್ದು?" ಅಂತ ದಾರಿಯಲ್ಲಿ ಯಾರಾದರೂ ಕೇಳಿದರೆ ನಾವು ನೀವೆಲ್ಲ ಏನು ಮಾಡುತ್ತೇವೆ? "ಇಲ್ಲೇ, ಪೇಟೆಗೆ" ಅಂತ ಕೈಯೆತ್ತಿ ಮುಂದೆ ಹೋಗುತ್ತೇವೆ. ಕೇಳಿದವರಿಗೂ ಉತ್ತರ ಬೇಕಾಗಿರುವುದಿಲ್ಲ. ನನ್ನ ಅಕ್ಕನ ಗಂಡ ಶೇಷಪ್ಪ ಭಾವನಿಗೆ ಮಾತ್ರ ಇಷ್ಟು ಸಣ್ಣ ವಿಷಯ ಕೊನೆಯವರೆಗೂ ತಲೆಗೆ ಹೋಗಲಿಲ್ಲ. ಕೇಳಿದವರು ಯಾರೇ ಇರಲಿ, ಅವರು ಸೈಕಲ್ಲಿನಿಂದ ಇಳಿಯಬೇಕು, ಹೆಲ್ಮೆಟ್ ತೆಗೆಯಬೇಕು, ಎಲ್ಲಿಗೆ, ಯಾಕೆ, ಎಷ್ಟು ಗಂಟೆಯೊಳಗೆ ಅಂತ ವಿವರವಾಗಿ ಹೇಳಬೇಕು. ಆಮೇಲೆ ಆ ಮನೆಯ ಜಗಲಿಯಲ್ಲಿ ಕೂತು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಮುಗಿಸಬೇಕು. ಅದೂ ಇಷ್ಟು ಗಂಟೆಯೊಳಗೆ ಮುಗಿಸಬೇಕು ಅಂತ ಸಮಯ ಕಟ್ಟಿದ ಸೈಕಲ್ ಸವಾರಿಯ ನಡುವೆ ಮಾರಾಯ್ರೆ! ಅತ್ತ ಗಡಿಯಾರ ಓಡುತ್ತಾ ಇರುತ್ತದೆ, ಇತ್ತ ಇವರು ಅವರ ಮನೆಯ ದನ ಎಷ್ಟು ಹಾಲು ಕೊಡುತ್ತದೆ ಅಂತ ವಿಚಾರಿಸುತ್ತಾ ಇರುತ್ತಾರೆ.

ಭಾವ ಐವರ್ನಾಡಿನ ಒಂದು ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಕೆಲಸದವರು. ಬೆಳಕು ಹರಿಯುವ ಮೊದಲೇ ಹಣೆಗೆ ಲೈಟು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗಿ, ತೊಗಟೆಯನ್ನು ಕೂದಲೆಳೆಯಷ್ಟು ಕೊಯ್ದು ಹಾಲು ಇಳಿಸುವುದು. ದಿನಕ್ಕೆ ನಾನ್ನೂರು ಮರ. ಹತ್ತಿರ ಬಂದರೆ ರಬ್ಬರ್ ಶೀಟಿನ ವಾಸನೆ. ನನ್ನದು ಸುಳ್ಯ ಪೇಟೆಯಲ್ಲಿ ಟೈಲರ್ ಅಂಗಡಿ. ಭಾವ ಬಂದು ಹೋದ ಮೇಲೆ ಹೊಲಿದಿಟ್ಟ ಬಟ್ಟೆಗಳನ್ನು ಗಾಳಿಗೆ ಹಾಕಬೇಕಾಗುತ್ತಿತ್ತು.

ಐವತ್ತು ದಾಟಿದ ಮೇಲೆ ಅವರಿಗೆ ಸಕ್ಕರೆ ಕಾಯಿಲೆ ಕಾಣಿಸಿತು. ದಿನಾ ನಡೆಯಿರಿ ಅಂದರು ಡಾಕ್ಟರು. "ನಾನು ದಿನಾ ನಾನ್ನೂರು ಮರ ನಡೆಯುವವ" ಅಂತ ಇವರು ವಾದ ಮಾಡಿದರು. "ಅದು ಕೆಲಸ. ಅದು ಬಿಟ್ಟು ನಡೀಬೇಕು" ಅಂದರಂತೆ ಅವರು. ಎಲ್ಲ ಅನಾಹುತ ಶುರುವಾದದ್ದು ಅಲ್ಲಿಂದ. ಭಾವ ರಸ್ತೆಗಿಳಿದರು. ಜನ ಎಲ್ಲಿಗೆ ಅಂತ ಕೇಳಿದರು. "ಸುಮ್ಮನೆ ನಡೀಲಿಕ್ಕೆ" ಅನ್ನಲು ಇವರಿಗೆ ನಾಚಿಕೆ. ಕೈಕಾಲು ಗಟ್ಟಿ ಇರುವ ಮನುಷ್ಯ ಹಗಲು ಹೊತ್ತು ಸುಮ್ಮನೆ ನಡೆಯುವುದು ಉಂಟಾ? ಹಾಗಾಗಿ ಹೇಳಲಿಕ್ಕೆ ಒಂದು ಜಾಗ ಬೇಕು ಅಂತ ಹಾಲಿನ ಡೇರಿಯವರೆಗೆ ಹೋಗತೊಡಗಿದರು. ಡೇರಿಯಲ್ಲಿ ದಿನಾ ಎಂತ ಕೆಲಸ ಅಂತ ಯಾರೋ ಕೇಳಿದ ಮೇಲೆ ಸುಳ್ಯಕ್ಕೆ, ನನ್ನ ಅಂಗಡಿಗೆ. ಬಂದು, ಒಂದು ಲೋಟ ನೀರು ಕುಡಿದು, "ಆಯ್ತು ವಸಂತ, ಬರ್ತೇನೆ" ಅಂತ ತಿರುಗಿ ನಡೆಯುವುದು. ನಡೆದು ಮನೆ ಮುಟ್ಟುವಾಗ ಹೆಪ್ಪಾದ ರಬ್ಬರ್ ಹಾಲನ್ನು ಶೀಟು ಒತ್ತುವ ಕೆಲಸಕ್ಕೆ ತಡವಾಗುತ್ತದೆ ಅಂತ ಓಡತೊಡಗಿದರು. ಓಡಿ ಮಂಡಿ ನೋವು ಬಂತು ಅಂತ ಸೈಕಲ್ ಹಿಡಿದರು. ಸೈಕಲ್ಲಿಗೆ ಸುಳ್ಯ ಹತ್ತಿರವಾಯಿತು, ಪುತ್ತೂರಿಗೆ ಹೋಗತೊಡಗಿದರು. ಪ್ರಪಂಚದಲ್ಲಿ ಜನ ಆಟಗಾರರಾಗಲು ನೂರು ಕಾರಣ ಇರಬಹುದು. ಕೇಳಿದವರಿಗೆ ಸರಿಯಾದ ಉತ್ತರ ಕೊಡಬೇಕು ಅಂತ ಆದವರು ನನ್ನ ಭಾವ ಒಬ್ಬರೇ.

ಪುತ್ತೂರಿನಲ್ಲಿ ಸೈಕಲ್ ಹುಚ್ಚಿನ ಒಂದು ಗುಂಪು ಇವರ ಕಣ್ಣಿಗೆ ಬಿತ್ತು. ಅವರು ವರ್ಷಕ್ಕೊಮ್ಮೆ ಇನ್ನೂರು ಕಿಲೋಮೀಟರ್ ಸವಾರಿ ಇಡುತ್ತಿದ್ದರು. ಬೆಳಿಗ್ಗೆ ಆರಕ್ಕೆ ಪುತ್ತೂರು ಬಿಟ್ಟು ಸುಳ್ಯ, ಕೊಲ್ಲಮೊಗ್ರು, ಸುಬ್ರಹ್ಮಣ್ಯ, ಗುಂಡ್ಯ ಮುಟ್ಟಿ ಕಡಬದ ದಾರಿಯಾಗಿ ಸಂಜೆ ಏಳೂವರೆಯೊಳಗೆ ಪುತ್ತೂರಿಗೆ ವಾಪಸ್. ಯಾರು ಮೊದಲು, ಯಾರು ಕೊನೆ ಅಂತಿಲ್ಲ. ಹೊತ್ತಿನೊಳಗೆ ಮುಟ್ಟಿದವರಿಗೆಲ್ಲ ಹೆಸರು ಕೊರೆದ ಒಂದು ಪದಕ.

ಹೆಸರು ಕೊರೆದ ಪದಕ ಅಂದದ್ದೇ ಭಾವ ಕೂತಲ್ಲಿ ಕೂರಲಿಲ್ಲ. "ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ನನ್ನ ಹೆಸರು ಬರೆದು ಕೊಟ್ಟದ್ದು ಅಂತ ಈ ಮನೆಯಲ್ಲಿ ರೇಷನ್ ಕಾರ್ಡ್ ಒಂದು ಇತ್ತು. ಅದೂ ಈಗ ನಿನ್ನ ಅಕ್ಕನ ಹೆಸರಿಗೆ ಆಯ್ತು" ಅಂದರು. ಸವಾರಿಗೆ ಇನ್ನೂ ಎರಡು ತಿಂಗಳು ಇರುವಾಗಲೇ ಗೋಡೆ ಗಡಿಯಾರದ ಪಕ್ಕ ಪದಕಕ್ಕೆ ಮೊಳೆ ಹೊಡೆದಿಟ್ಟರು.

ಆಮೇಲೆ ನನ್ನ ಕರ್ಮ ಶುರು. "ವಸಂತ, ಚಡ್ಡಿಯ ಅಡಿಗೆ ಸ್ಪಂಜು ಇಟ್ಟು ಹೊಲಿದು ಕೊಡು" ಅಂತ ಗಿರಾಕಿಗಳ ಎದುರೇ ಕೇಳಿದರು. ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ತಂದು ಕೊಡುತ್ತೇನೆ ಅಂದರೆ ಕೇಳುವ ಜಾತಿಯೇ ಅಲ್ಲ. ಮೂರು ಸಲ ಹೊಲಿದೆ, ಮೂರು ಸಲ ಬಿಚ್ಚಿದೆ. ನಾಲ್ಕನೆಯ ಚಡ್ಡಿ ಹಾಕಿಕೊಂಡು ಅಂಗಡಿಯ ಎದುರು ಪೇಟೆಯ ನಡುವೆ ಎರಡು ಸುತ್ತು ಹೊಡೆದು ಬಂದು, "ಕೂತದ್ದೇ ಗೊತ್ತಾಗುದಿಲ್ಲ ಮಾರಾಯಾ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾನು ಅವತ್ತು ಬಾಗಿಲು ಬೇಗ ಹಾಕಿದೆ.

ಕಾಲಿನ ವಿಷಯದಲ್ಲಿ ಭಾವನಿಗೆ ಕೊರತೆ ಇರಲಿಲ್ಲ, ಅದನ್ನು ಒಪ್ಪಬೇಕು. ಹುಡುಗರು ಏರಿನಲ್ಲಿ ದಮ್ಮು ಕಟ್ಟಿ ನಿಂತಾಗ ಇವರು ಒಂದೇ ಹದದಲ್ಲಿ ತುಳಿಯುತ್ತಾ ದಾಟಿ ಹೋಗುತ್ತಿದ್ದರು. ಕೇಳಿದರೆ ಮರದ ಕಥೆ. "ತೆಳ್ಳಗೆ ಕೊಯ್ಯಬೇಕು ವಸಂತ. ಆಳ ಕೊಯ್ದರೆ ಇವತ್ತು ಹಾಲು ಜಾಸ್ತಿ ಬರ್ತದೆ, ಮರ ಹಾಳಾಗ್ತದೆ. ತೆಳ್ಳಗೆ ಕೊಯ್ದರೆ ಇಪ್ಪತ್ತೈದು ವರ್ಷ ಕೊಡ್ತದೆ." ಸರಿ ಮಾರಾಯ್ರೆ, ಕೊಯ್ಯಿರಿ! ಆದರೆ ಜಗಲಿಗಳನ್ನು ಬಿಡಿ! ಆ ದಾರಿಯಲ್ಲಿ ಇವರ ನೆಂಟರು, ಗುರುತಿನವರು ಅಂತ ಹದಿನೇಳು ಮನೆ. ಮೊದಲ ವರ್ಷ ಪುತ್ತೂರು ಮುಟ್ಟುವಾಗ ಎಂಟೂಕಾಲು. ಎರಡನೆಯ ವರ್ಷ ಎಂಟು. ಮೂರನೆಯ ವರ್ಷ ಏಳು ನಲವತ್ತು. ಹತ್ತು ನಿಮಿಷಕ್ಕೆ ಪದಕ ಹೋಯಿತು. ಕಡಬದ ಹತ್ತಿರ ದೇವಕಿ ಅಜ್ಜಿ ಅಂತ, ಭಾವನ ಅಮ್ಮನ ಗೆಳತಿ. ಅಲ್ಲಿ ಕೂತು ಅವರ ಕಾಲುನೋವಿನ ಎಣ್ಣೆಯ ಬಗ್ಗೆ ಅರ್ಧ ಗಂಟೆ ಮಾತಾಡಿದ್ದರು. "ಅಷ್ಟು ಪ್ರಾಯದವರು ಚೊಂಬು ಹಿಡಿದು ಗೇಟಿಗೆ ಬಂದು ನಿಂತಿದ್ದಾರೆ. ಹಾರಿಸಿಕೊಂಡು ಹೋಗುದಾ? ಮನುಷ್ಯರಾ ನಾವು?" ಅಂತ ನನ್ನನ್ನೇ ಬೈದರು. ಮನೆಗೆ ಹೋಗಿ ಪದಕದ ಮೊಳೆ ನೋಡುತ್ತಾ ಕೂತರಂತೆ. ಆ ಮೊಳೆಗೆ ಅಕ್ಕ ಸೊಳ್ಳೆ ಬ್ಯಾಟು ನೇತು ಹಾಕಿದ್ದಳು. ಭಾವ ಅದನ್ನು ತೆಗೆದು ಕೆಳಗಿಟ್ಟು ಮಲಗಿದರಂತೆ. ಅಕ್ಕ ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ನಾಲ್ಕನೆಯ ವರ್ಷ ನಾನು ಒಂದು ತೀರ್ಮಾನ ಮಾಡಿದೆ. ಸವಾರಿಯ ಹಿಂದಿನ ಆದಿತ್ಯವಾರ ಸ್ಕೂಟರ್ ಹತ್ತಿ ಹದಿನೇಳು ಮನೆಗೂ ಹೋದೆ. ಇಂಜಿನ್ ಆಫ್ ಮಾಡಲಿಲ್ಲ, ಸ್ಕೂಟರಿನಿಂದ ಇಳಿಯಲೂ ಇಲ್ಲ, ಗೇಟಿನಿಂದಲೇ ಕೂಗಿದೆ. "ಬರುವ ಆದಿತ್ಯವಾರ ಭಾವ ಬರ್ತಾರೆ. ದಮ್ಮಯ್ಯ, ಮಾತಾಡಿಸಬೇಡಿ. ಎಲ್ಲಿಗೆ ಅಂತ ಕೇಳಬೇಡಿ. ನೀರು ಹಿಡಿದು ನಿಲ್ಲಬೇಡಿ. ಈ ಸಲ ಪದಕ ಸಿಗ್ಲೇಬೇಕು." ಎಲ್ಲರೂ ಒಪ್ಪಿದರು. ಒಂದೇ ದಿನದಲ್ಲಿ ಮುಗಿಸಿ ಸಂಜೆ ಬಂದು ಅಂಗಡಿ ಕೂಡ ತೆರೆದೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಸವಾರಿಯ ದಿನ ನಾನು ಸ್ಕೂಟರಿನಲ್ಲಿ ಹಿಂದೆ. ಮೊದಲ ಮನೆ, ಸುಳ್ಯದ ಹತ್ತಿರ ನಿವೃತ್ತ ಮಾಸ್ಟ್ರದ್ದು. ಮಾಸ್ಟ್ರು ಅಂಗಳದಲ್ಲಿ ರಸ್ತೆಗೆ ಬೆನ್ನು ಹಾಕಿ, ಬಸಳೆ ಚಪ್ಪರದ ಒಂದು ಕೋಲನ್ನು ಹಿಡಿದು ಅಲುಗದೆ ನಿಂತಿದ್ದರು. ಭಾವ ದಾಟಿ ಹೋದರು. ಅಬ್ಬ ಅಂತ ನಾನು ಉಸಿರು ಬಿಡುವಷ್ಟರಲ್ಲಿ ಬ್ರೇಕು! ತಿರುಗಿಸಿ ಬಂದು ಇಳಿದರು. "ಮಾಸ್ಟ್ರೇ, ನನ್ನಿಂದ ಎಂತಾದ್ರೂ ತಪ್ಪಾಯ್ತಾ?" ಮಾಸ್ಟ್ರು ಮಾತಾಡಲಿಲ್ಲ, ನನಗೆ ಮಾತು ಕೊಟ್ಟಿದ್ದರಲ್ಲ. ಭಾವ ಹದಿನೈದು ನಿಮಿಷ ಅವರ ಬೆನ್ನಿನ ಹತ್ತಿರ ನಿಂತು ಕ್ಷಮೆ ಕೇಳಿದರು.

ಎರಡನೆಯದು ಗುತ್ತಿಗಾರಿನ ಆಚೆ ಅಬ್ದುಲ್ಲಾಕನ ಅಂಗಡಿ. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಭಾವ ಎದುರು ಹೋಗಿ ನಿಂತರು. "ಮಗಳ ಮದುವೆಗೆ ಬರ್ಲಿಲ್ಲ ಅಂತ ಕೋಪವಾ ಅಬ್ದುಲ್ಲಾಕ? ಅವತ್ತು ನನಗೆ ಜ್ವರ ಇತ್ತು, ದೇವರಾಣೆ." ಪೇಪರು ಅಲ್ಲಾಡಿತು. ಭಾವ ಹೆಲ್ಮೆಟ್ ತೆಗೆದು ಕೈ ಮುಗಿದರು. "ಎಂತ ತಪ್ಪಾಗಿದೆ ಅಂತ ಹೇಳಿಬಿಡಿ, ಹೀಗೆ ಮಾಡಬೇಡಿ." ಕೊನೆಗೆ ಅಬ್ದುಲ್ಲಾಕ ಪೇಪರನ್ನು ಕೆಳಗೆ ಬಿಸಾಡಿದರು. "ನಿಮ್ಮ ಈ ವಸಂತ ಹೇಳಿದ್ದು ಮಾರಾಯಾ! ಮಾತಾಡಿಸಬೇಡಿ ಅಂತ ಮನೆ ಮನೆಗೆ ಬಂದು ಹೇಳಿ ಹೋಗಿದ್ದಾನೆ ಪುಣ್ಯಾತ್ಮ!"

ಭಾವ ತಿರುಗಿ ನನ್ನನ್ನು ನೋಡಿದರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಹೆಲ್ಮೆಟ್ ಹಾಕಿ ಸೈಕಲ್ ಹತ್ತಿದರು. ಆಮೇಲೆ ಹದಿನೈದು ಮನೆ ಸಿಕ್ಕಿತು. ಒಂದರಲ್ಲೂ ನಿಲ್ಲಲಿಲ್ಲ, ತಲೆ ಎತ್ತಲೂ ಇಲ್ಲ. ನಾನು ಹಿಂದಿನಿಂದ "ಹಾಗೇ ಭಾವ, ಹಾಗೇ!" ಅಂತ ಕೂಗುತ್ತಿದ್ದೆ. ದೇವಕಿ ಅಜ್ಜಿ ಗೇಟಿಗೆ ಬರಲಿಲ್ಲ. ಬಾಗಿಲಿನ ಒಳಗೆ ನಿಂತಿದ್ದರು, ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈ ಬಾಯಿಗೆ ಅಡ್ಡ. ಭಾವ ಅಲ್ಲಿಯೂ ನಿಲ್ಲಲಿಲ್ಲ.

ಪುತ್ತೂರು ಮುಟ್ಟುವಾಗ ಏಳು ಹತ್ತೊಂಬತ್ತು. ಹನ್ನೊಂದು ನಿಮಿಷ ಬಾಕಿ! ನಾನು ಕುಣಿದೆ. ಪದಕ ಕೊರಳಿಗೆ ಹಾಕಿದರು, ಫೋಟೋ ತೆಗೆದರು. ಭಾವ ಅದನ್ನು ತೆಗೆದು ಹೆಸರು ಓದಿ ಕಿಸೆಗೆ ಹಾಕಿಕೊಂಡರು. "ಇವತ್ತು ಆಳ ಕೊಯ್ದೆ ವಸಂತ" ಅಂದರು. ಅಷ್ಟೇ.

ಮರುದಿನ ಬೆಳಿಗ್ಗೆ ಅಕ್ಕನ ಫೋನು. "ಇವರು ತೋಟಕ್ಕೆ ರಜೆ ಹಾಕಿ ಸೈಕಲ್ ತಗೊಂಡು ಹೋದ್ರು. ಎಲ್ಲಿಗೆ ಅಂತ ಕೇಳಿದ್ದಕ್ಕೆ ಹದಿನೈದು ಮನೆ ಉಂಟು ಅಂದ್ರು. ಎಂತ ಮಾಡಿದ್ದು ನೀನು?" ಎರಡು ದಿನ ಆ ಮನುಷ್ಯನ ಪತ್ತೆ ಇಲ್ಲ. ಕೊಲ್ಲಮೊಗ್ರಿನಲ್ಲಿ ಯಾರದೋ ಮನೆಯಲ್ಲಿ ಉಳಿದು, ದಾಟಿ ಹೋದ ಪ್ರತಿಯೊಂದು ಮನೆಯಲ್ಲೂ ಕೂತು, ನೀರು ಕುಡಿದು, ಪದಕ ತೋರಿಸಿ, ಬಂದರು. ಬಂದವರ ಮುಖ ನೋಡಬೇಕಿತ್ತು! ಅವತ್ತು ರಾತ್ರಿ ಪದಕ ಮೊಳೆಗೆ ಏರಿತು.

ಆಮೇಲೆ ಭಾವ ಸಮಯ ಕಟ್ಟಿದ ಸವಾರಿಗೆ ಹೆಸರು ಕೊಡಲಿಲ್ಲ. ಆದರೆ ಆದಿತ್ಯವಾರ ಬಂದರೆ ಅದೇ ದಾರಿ. ಮುನ್ನೂರು ಕಿಲೋಮೀಟರಿನದ್ದೂ ಉಂಟಂತೆ, ಪ್ರಯತ್ನ ಮಾಡಿ ಅಂದರೆ, "ಅಷ್ಟು ದೂರಕ್ಕೆ ಎಷ್ಟು ಮನೆ ಆಗ್ಬಹುದು?" ಅಂತ ಕೇಳುವ ಆಸಾಮಿ. ನಾನು ಕೈಮುಗಿದು ಬಿಟ್ಟುಬಿಟ್ಟೆ.

ಕಳೆದ ವರ್ಷ ಅವರಿಗೆ ಜ್ವರ ಬಂತು. ನಾಲ್ಕು ದಿನ. ಐದನೆಯ ದಿನ ಭಾವ ಇಲ್ಲ. ಎಲ್ಲ ಕಡೆ ಅಷ್ಟೊಂದು ಹೊತ್ತು ಕೂರುತ್ತಿದ್ದ ಮನುಷ್ಯ, ಮನೆಯವರ ಹತ್ತಿರ ಒಂದು ಮಾತು ಹೇಳಲು ಕೂಡ ನಿಲ್ಲದೆ ಹೋದರು. ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಗೊತ್ತಿಲ್ಲ.

ಉತ್ತರಕ್ರಿಯೆಗೆ ಹಂಚುವ ಕಾಗದ ಅಚ್ಚಾಗಿ ಬಂತು. ಫೋನಿನಲ್ಲಿ ಹೇಳಿದರಾಗದಾ ಅಂತ ಕೇಳಿದೆ. "ಆ ದಾರಿಯ ಮನೆಗಳಿಗೆ ಹೋಗಿಯೇ ಹೇಳಬೇಕು" ಅಂದಳು ಅಕ್ಕ. ಹದಿನೇಳು ಕಾಗದ ಹಿಡಿದು ಹೊರಟೆ. ಅವತ್ತಿನ ಹಾಗೆ ಒಂದು ದಿನದ ಕೆಲಸ ಅಂತ ಎಣಿಸಿದ್ದೆ. ಮಾಸ್ಟ್ರ ಮನೆಯಲ್ಲೇ ಮಧ್ಯಾಹ್ನವಾಯಿತು. ಅಬ್ದುಲ್ಲಾಕ ಕಾಗದವನ್ನು ಎರಡು ಸಲ ಓದಿ, ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನ ಹತ್ತಿರ ಕೂತರು. ಭಾವ ಹದಿಮೂರು ಚಿಲ್ಲರೆ ಗಂಟೆಯಲ್ಲಿ ತುಳಿದು ಮುಗಿಸಿದ ದಾರಿಗೆ ನನಗೆ ಸ್ಕೂಟರಿನಲ್ಲಿ ಮೂರು ದಿನ ಬೇಕಾಯಿತು.

ಕೊನೆಯದು ದೇವಕಿ ಅಜ್ಜಿಯ ಮನೆ. ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ನನ್ನನ್ನು ಕಂಡು, ಕಾಲೆಳೆದುಕೊಂಡು ಚೊಂಬು ಹಿಡಿದು ಗೇಟಿನವರೆಗೆ ಬಂದರು.

"ಎಲ್ಲಿಗೆ ಹೊರಟದ್ದು? ಶೇಷಪ್ಪ ಎಲ್ಲಿ? ಎರಡು ಆದಿತ್ಯವಾರ ಆಯ್ತು, ಕಾಣುದೇ ಇಲ್ಲ."

ನಾನು ಸ್ಕೂಟರಿನಿಂದ ಇಳಿಯದ್ದು ಕಂಡು ಅವರೇ ಕೇಳಿದರು. "ಎಂತ, ನಿನಗೆ ಇವತ್ತೂ ಅವಸರ ಉಂಟಾ?"

"ಇಲ್ಲ ಅಜ್ಜಿ" ಅಂದೆ. ಇಂಜಿನ್ ಆಫ್ ಮಾಡಿ, ಕೀ ತೆಗೆದು ಕಿಸೆಗೆ ಹಾಕಿ, ಅವರ ಕೈಯಿಂದ ಚೊಂಬು ತೆಗೆದುಕೊಂಡು, ಜಗಲಿಗೆ ಹೋಗಿ ಕೂತೆ.