ಮಿಡಿಸೌತೆಗೆ ಅಭಯವಿತ್ತ ಕಥೆ

ತರಕಾರಿ ಕೊಳ್ಳುವಾಗ ಕೊಟ್ಟ ಕಾಸಿಗೆ ದೊಡ್ಡದನ್ನೇ ಆರಿಸುವುದು ನನ್ನ ಹುಟ್ಟುಗುಣ. ಎಳೆ ಹೀರೆಕಾಯಿ ತನ್ನಿ ಎಂದು ಹೆಂಡತಿ ಬಂಗಾರಪೇಟೆಯ ಮಾರ್ಕೆಟ್ಟಿಗೆ ಕಳಿಸಿದರೆ, ತೋಳುದ್ದದ, ಒಳಗೆಲ್ಲ ನಾರು ತುಂಬಿದ ಮಹಾಕಾಯನೊಬ್ಬನನ್ನು ಹೊತ್ತು ವಿಜಯೋತ್ಸಾಹದಿಂದ ಮರಳುವವನು ನಾನು. ಎಳೆಯದನ್ನು ಕೀಳುವುದು ಪಾಪವೆಂಬ ತತ್ತ್ವವನ್ನೂ ಇದಕ್ಕೆ ಜೋಡಿಸಿಕೊಂಡಿದ್ದೇನೆ. ಜಿಪುಣತನಕ್ಕೆ ದಯೆಯ ಶಾಲು ಹೊದಿಸಿದರೆ ಯಾರೂ ಎಳೆದು ನೋಡುವುದಿಲ್ಲ, ನೋಡಿ.

ಇಂಥ ದಯಾಮಯನಿಗೆ ಕ್ಯಾಸಂಬಳ್ಳಿಯ ಬಳಿ ಇರುವ ನನ್ನ ಅಕ್ಕ ತನ್ನ ಮಿಡಿಸೌತೆಯ ತೋಟವನ್ನು ಎರಡು ದಿನದ ಮಟ್ಟಿಗೆ ಒಪ್ಪಿಸಿ ಮದುವೆಗೆ ಹೊರಟಳು. ಮಿಡಿಸೌತೆ ನಮ್ಮ ಯಾರ ಸಾರಿಗೂ ಬೀಳದ ಕಾಯಿ. ಕಂಪನಿಯವರೇ ಬೀಜ ಕೊಟ್ಟು, ಬೆರಳುಗಾತ್ರದಲ್ಲೇ ಕೊಂಡು, ಉಪ್ಪುನೀರಿನಲ್ಲಿ ಮುಳುಗಿಸಿ ಪರದೇಶದ ಹಡಗು ಹತ್ತಿಸುತ್ತಾರೆ. ಆ ಬೇಸಿಗೆಯಲ್ಲಿ ಅಕ್ಕನ ಬೋರು ಕೆಮ್ಮಿ ಕೆಮ್ಮಿ ದಿನಕ್ಕೊಂದು ಗಂಟೆ ನೀರು ಕೊಡುತ್ತಿತ್ತು. ಹಸುಗಳ ಮೇವಿನ ಜೋಳವನ್ನು ಒಣಗಲು ಬಿಟ್ಟು ಅಷ್ಟು ನೀರನ್ನೂ ಅವಳು ಈ ಬಳ್ಳಿಗಳಿಗೇ ಹರಿಸಿದ್ದಳು. "ದಿನಾ ಬೆಳಿಗ್ಗೆ ಕಿತ್ಬುಡ್ಲಾ, ಮರೀಬ್ಯಾಡ" ಎಂದು ಎಚ್ಚರಿಸಿಯೇ ಬಸ್ಸು ಹತ್ತಿದ್ದಳು.

ಕೀಳಲು ಹೋದೆ. ಎಲೆಮರೆಯಿಂದ ಪುಟಾಣಿ ಕಾಯಿಗಳು ಇಣುಕಿದವು. ಕರುಳು ಚುರ್ರೆಂದಿತು. ಇನ್ನೆರಡು ದಿನ ಬೆಳೆದುಕೊಳ್ಳಲಿ ಎಂದು ಅಭಯವಿತ್ತೆ. ಅವು ಆ ಅಭಯವನ್ನು ಎಷ್ಟು ಶ್ರದ್ಧೆಯಿಂದ ಸ್ವೀಕರಿಸಿದವೆಂದರೆ, ಅಕ್ಕ ಮರಳುವ ಹೊತ್ತಿಗೆ ಒಂದೊಂದೂ ನನ್ನ ಮಣಿಕಟ್ಟಿನ ದಪ್ಪ! ಅವನ್ನು ಕಿತ್ತು ತುಂಬಿದ ಕ್ರೇಟುಗಳ ನಡುವೆ ಶಭಾಸ್‌ಗಿರಿಗಾಗಿ ಕಾದು ನಿಂತಿದ್ದ ನನ್ನನ್ನೂ ಕಾಯಿಗಳನ್ನೂ ಒಂದೇ ನೋಟದಲ್ಲಿ ತಿರಸ್ಕರಿಸಿ ಕಂಪನಿಯ ಸೂಪರ್‌ವೈಸರ್ ಲಾರಿ ಹೊರಡಿಸಿದ.

"ಒಂದ್ ತಿಂಗ್ಳ ನೀರು ಕಣ್ಲಾ ಅದು" ಎಂದಳು ಅಕ್ಕ. ಭೂಮಿ ಬಾಯಿಬಿಡಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು; ಆದರೆ ಈ ಚಿನ್ನದ ಗಣಿಗಳ ಸೀಮೆಯ ಭೂಮಿ ಬಾಯಿಬಿಟ್ಟಾಗಲೆಲ್ಲ ಒಳಗಿನದನ್ನು ಹೊರಗಿನವರಿಗೆ ಕೊಟ್ಟಿದೆಯೇ ಹೊರತು ನಾಚಿದವರಿಗೆ ಜಾಗ ಕೊಟ್ಟದ್ದಿಲ್ಲ.

ಆಮೇಲೆ ಆರಂಭವಾಯಿತು ಸೌತೆಪರ್ವ. ಪಲ್ಯ, ಪಚ್ಚಡಿ, ಮಜ್ಜಿಗೆಹುಳಿ; ಎದುರುಮನೆಗೊಂದು ಬುಟ್ಟಿ, ಹಾಲಿನ ಡೇರಿಗೊಂದು ಬುಟ್ಟಿ, ಬೇಡವೆಂದರೂ ಕೇಳದೆ ಬಸ್ಸಿನ ಕಂಡಕ್ಟರಿಗೂ ಒಂದು. ಉಳಿದದ್ದನ್ನು ಹಸುಗಳ ಮುಂದೆ ಸುರಿದರೆ, ಹಡಗು ಹತ್ತಬೇಕಾಗಿದ್ದ ಸರಕನ್ನು ಅವು ತಲೆಯೆತ್ತದೆ ಕರಕರನೆ ಜಗಿದವು. ಅದನ್ನು ಕಂಡು ಅಕ್ಕನಿಗೆ ನಗು ಬಂತು. ಬಚಾವಾದೆನೆಂದು ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಊಟಕ್ಕೆ ಕೂತಾಗ ನನ್ನ ಪಾಂಡಿತ್ಯ ಮತ್ತೆ ಚಿಗುರಿತು. ಕಾಯಿ ಹಡಗು ಹತ್ತಿದರೆ ಅದನ್ನು ಬೆಳೆಸಿದ ನೀರೂ ಹತ್ತಿದಂತೆಯೇ, ಆದರೆ ಒಗ್ಗರಣೆಯ ತಾಳೆಯೆಣ್ಣೆಯಾಗಿ, ಸಾರಿನ ಬೇಳೆಯಾಗಿ ಪರದೇಶದ ಮಳೆಯೂ ನಮ್ಮ ತಟ್ಟೆಗೆ ಬರುತ್ತದೆ, ಒಟ್ಟಿನಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಉಪನ್ಯಾಸ ಬಿಗಿದೆ. ಅಕ್ಕ ಮುದ್ದೆ ಮುರಿಯುತ್ತ ಕೇಳಿದಳು:

"ಅವ್ರು ಮಳೆ ಕಳಿಸ್ತಾರೆ, ನಾವು ಬೋರು ಕಳಿಸ್ತೀವಿ. ಅದೆಂಗ್ಲಾ ಸರಿಯೋಯ್ತದೆ? ಮಳೆ ಮುಂದಿನ್ ವರ್ಸ ಮತ್ತೆ ಬರ್ತದೆ. ಬೋರು?"

ನಾನು ಮಜ್ಜಿಗೆಹುಳಿಯನ್ನೇ ಇನ್ನಷ್ಟು ಬಡಿಸಿಕೊಂಡೆ.

ಮುಂದಿನ ಬೆಳೆಯ ಬೀಜ ಹಿಡಿದು ಸೂಪರ್‌ವೈಸರ್ ಬಂದಾಗ, ಅಕ್ಕಿಯನ್ನೂ ಎಣ್ಣೆಯನ್ನೂ ಕಾಸು ಕೊಟ್ಟೇ ಕೊಂಡು ತಿನ್ನಬೇಕಾದ ಅಕ್ಕ ಪೂರ್ತಿ ಬೇಡವೆನ್ನಲಿಲ್ಲ. ಅರ್ಧವನ್ನು ಇಟ್ಟುಕೊಂಡಳು, ಅದರ ಕೊಯ್ಲಿಗೆ ನನ್ನನ್ನು ಕರೆಯುವುದಿಲ್ಲವೆಂದು ಅವನಿಗೆ ಭರವಸೆಯನ್ನೂ ಕೊಟ್ಟಳು. ಇನ್ನರ್ಧ ಬೀಜವನ್ನು ಅವನ ಕೈಗೇ ಹಿಂದಿರುಗಿಸಿ, ಹನಿಪೈಪುಗಳನ್ನು ಮೇವಿನ ಜೋಳದ ಕಡೆಗೆ ತಿರುಗಿಸುತ್ತ ಹೇಳಿದಳು:

"ಈ ನೀರು ಎಲ್ಲಿಗೂ ಓಗಾಕಿಲ್ಲ, ಸಾಮಿ."