ಲೈಟ್‌ಹೌಸ್ ಹಾಡಿನ ರೈಲು

ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಹರಾಜು ಕೂಗುತ್ತಿದ್ದ ಆನಂದಪ್ಪನವರಿಗೆ ಎರಡು ಕಂಠಗಳಿವೆ ಎಂದು ಅಲ್ಲಿನ ಹಮಾಲರು ಹೇಳುತ್ತಿದ್ದರು. ಬೆಳಗಿನ ಕಂಠ ಈರುಳ್ಳಿಯದು. ಅದು ಎದ್ದಿತೆಂದರೆ ಗೋದಾಮಿನ ತಗಡಿನ ಮೇಲೆ ಮಲಗಿದ್ದ ಪಾರಿವಾಳಗಳೂ ಏಳುತ್ತಿದ್ದವು. ಮಧ್ಯಾಹ್ನದ ಕಂಠ ಗಿಟಾರಿನದು. ಹರಾಜು ಮುಗಿದು, ಲಾರಿಗಳು ಹೊರಟು, ಹಮಾಲರು ಉಂಡು ಮೂಟೆಗಳ ಮೇಲೆ ಅಡ್ಡಾದ ಹೊತ್ತಿಗೆ ಆನಂದಪ್ಪನವರು ಮಂಡಿಯ ಮೂಲೆಯಲ್ಲಿ ಕುಳಿತು ಹಳೆಯದೊಂದು ಗಿಟಾರನ್ನು ಮಡಿಲಿಗೆಳೆದುಕೊಳ್ಳುತ್ತಿದ್ದರು. ಅವರು ನುಡಿಸುತ್ತಿದ್ದುದೆಲ್ಲ ಒಂದೇ ಇಂಗ್ಲಿಷ್ ತಂಡದ ಹಾಡುಗಳು. ಆ ತಂಡದ ಹೆಸರು ಕಾಪರ್ ಹಾರ್ಸ್. ಭುಜದವರೆಗೆ ಕೂದಲು ಬಿಟ್ಟಿದ್ದ ನಾಲ್ವರು ದೊರೆಮಕ್ಕಳು ತಮ್ಮ ದೇಶದಲ್ಲಿ ಜಗಳವಾಡಿ ಬೇರೆಯಾದ ಎಷ್ಟೋ ವರ್ಷಗಳ ಮೇಲೆ, ಈರುಳ್ಳಿಯ ಘಾಟಿನ ನಡುವೆ, ಅವರ ಹಾಡುಗಳು ದಿನವೂ ತಪ್ಪದೆ ನಡೆಯುತ್ತಿದ್ದವು.

ಈ ಪ್ರೀತಿ ಹುಟ್ಟಿದ್ದು ಒಂದು ಕ್ಯಾಸೆಟ್ಟಿನಿಂದ. ಆನಂದಪ್ಪನವರು ಕಾಲೇಜಿನಲ್ಲಿದ್ದಾಗ ಸಹಪಾಠಿಯೊಬ್ಬನ ಅಣ್ಣ ದುಬೈಯಿಂದ ತಂದಿದ್ದ ಕ್ಯಾಸೆಟ್ಟು ಒಂದು ದಿನದ ಮಟ್ಟಿಗೆ ಅವರ ಕೈಗೆ ಸಿಕ್ಕಿತು. ಆಗ ಹಾಡನ್ನು ನಕಲು ಮಾಡುವ ಕ್ರಮವೇ ಬೇರೆ. ಎರಡು ಟೇಪ್ ರೆಕಾರ್ಡರುಗಳನ್ನು ಬೀಗರಂತೆ ಎದುರುಬದುರು ಕೂಡಿಸಬೇಕು. ಒಂದು ಹಾಡಬೇಕು, ಇನ್ನೊಂದು ಕೇಳಬೇಕು. ಸುತ್ತಮುತ್ತ ಯಾರೂ ತುಟಿ ಪಿಟಕ್ಕೆನ್ನಬಾರದು. ಆನಂದಪ್ಪನವರು ಅಜ್ಜಿ ಅಕ್ಕಯ್ಯಮ್ಮನನ್ನು ಪಕ್ಕದ ಮನೆಗೆ ಸಾಗಹಾಕಿದರು. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದರು. ಬಾಗಿಲಿನ ಸಂದಿಗೆ ಗೋಣಿ ತುರುಕಿ, ತಮಗೆ ಕೆಮ್ಮು ಬಂದೀತೆಂದು ಬಾಯಿಗೆ ಟವಲು ಕಟ್ಟಿಕೊಂಡು ಕುಳಿತರು. ಎಲ್ಲ ಸದ್ದನ್ನೂ ಯೋಚಿಸಿದ್ದವರು ರೈಲನ್ನು ಮಾತ್ರ ಯೋಚಿಸಲಿಲ್ಲ. ಮನೆಯ ಹಿತ್ತಿಲಿಗೆ ತಗುಲಿದಂತೆಯೇ ಹಳಿಗಳಿದ್ದವು. ತೊಟ್ಟಿಲಿನಿಂದಲೇ ರೈಲಿನ ಕೂಗು ಕೇಳಿ ಬೆಳೆದವರ ಕಿವಿಗೆ ಅದು ಸದ್ದೆಂದೇ ಅನ್ನಿಸುವುದಿಲ್ಲ.

ಲೈಟ್‌ಹೌಸಿನ ಕಾವಲುಗಾರನೊಬ್ಬನ ಮೇಲಿನ ಹಾಡು ನಡೆಯುತ್ತಿತ್ತು. ಮೂರನೆಯ ಚರಣ ಮುಗಿದು ವಾದ್ಯಗಳೆಲ್ಲ ಒಮ್ಮೆಗೇ ನಿಲ್ಲುವ ಜಾಗದಲ್ಲಿ, ಹಿತ್ತಿಲಿನ ಗೂಡ್ಸ್ ಗಾಡಿಯೊಂದು ಉದ್ದವಾಗಿ ಕೂಗಿತು. ಟೇಪ್ ರೆಕಾರ್ಡರು ಅದನ್ನು ಕೇಳಿಸಿಕೊಂಡಿತು. ಆನಂದಪ್ಪನವರು ಕೇಳಿಸಿಕೊಳ್ಳಲಿಲ್ಲ.

ಮರುದಿನ ತಮ್ಮ ನಕಲನ್ನು ಹಾಕಿ ಕೇಳಿದಾಗ, ಹಾಡಿನ ಒಳಗಿನಿಂದ ಬಂದ ಆ ಕೂಗಿಗೆ ಅವರ ಮೈಯೆಲ್ಲ ರೋಮಾಂಚನವಾಯಿತು. ಇಂಥ ಜಾಗದಲ್ಲಿ ರೈಲನ್ನು ತಂದು ನಿಲ್ಲಿಸಬೇಕಾದರೆ ಆ ದೊರೆಮಕ್ಕಳಿಗೆ ಎಂಥ ತಲೆ ಇರಬೇಕು! ಆ ಕೂಗನ್ನು ನುಡಿಸುವುದಕ್ಕಾಗಿಯೇ ಅವರು ಗಿಟಾರು ಕಲಿತರು. ಸೈಕಲ್ ಪಂಪಿನಿಂದ ಬೆರಳುದ್ದದ ಕೊಳವೆ ಕತ್ತರಿಸಿ, ಕಿರುಬೆರಳಿಗೆ ತೊಟ್ಟು, ತಂತಿಯ ಮೇಲೆ ಜಾರಿಸಿ ಜಾರಿಸಿ, ಕೊನೆಗೂ ರೈಲನ್ನು ಹೊರಡಿಸಿದರು. ಉಳಿದ ಹಾಡು ಬಂದದ್ದು ಆಮೇಲೆ.

ತುಮಕೂರು ರಸ್ತೆಯಲ್ಲಿ ಲಾರಿ ಬ್ಯಾಟರಿಯ ಅಂಗಡಿ ಇಟ್ಟಿದ್ದ ಜಿಯಾವುಲ್ಲಾ ಆನಂದಪ್ಪನವರ ಜೀವದ ಗೆಳೆಯ. ಒಂದು ಕಾಲದಲ್ಲಿ ಮದುವೆಗಳ ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ ಬಾರಿಸಿದವನು. ಆನಂದಪ್ಪನವರ ನಕಲಿನ ನಕಲನ್ನು ಕೇಳಿಯೇ ಕಾಪರ್ ಹಾರ್ಸಿನ ಭಕ್ತನಾದವನು. ಲೈಟ್‌ಹೌಸಿಗೂ ರೈಲಿಗೂ ಏನು ಸಂಬಂಧವೆಂಬುದು ಇಬ್ಬರಿಗೂ ತೀರದ ಚರ್ಚೆ. ಕಾವಲುಗಾರನಿಗೆ ನಿವೃತ್ತಿಯಾಗಿದೆ, ಊರಿಗೆ ಹೊರಟಿದ್ದಾನೆ ಎಂಬುದು ಆನಂದಪ್ಪನವರ ವ್ಯಾಖ್ಯಾನ.

“ಊರಿಗೆ ಹೋಗೋನು ಅಷ್ಟು ದುಃಖದಲ್ಲಿ ಹಾಡ್ತಾನಾ ಗುರು? ಹೆಂಡ್ತಿ ಮುನಿಸ್ಕೊಂಡು ತವರಿಗೆ ಹೋಗ್ತಾವ್ಳೆ,” ಎನ್ನುತ್ತಿದ್ದ ಜಿಯಾವುಲ್ಲಾ.

ಒಮ್ಮೆ ಕಾಫಿ ತಂದಿಟ್ಟ ರಾಧಾಮಣಿ, ಆನಂದಪ್ಪನವರ ಹೆಂಡತಿ, ಇದನ್ನು ಕೇಳಿ, “ನಮ್ ಮದುವೆಗೆ ಮುಂಚಿಂದ ಹೊರಟಿದಾಳೆ. ಇನ್ನೂ ಸ್ಟೇಷನ್ ಬಿಟ್ಟಿಲ್ವಲ್ಲ ಪುಣ್ಯಾತ್ಗಿತ್ತಿ,” ಎಂದು ಒಳಗೆ ಹೋದರು. ಆ ಹಾಡಿನಿಂದ ತಮಗೆ ತಲೆನೋವು ಬರುತ್ತದೆಂದು ಅವರು ಹೇಳುತ್ತಿದ್ದುದು ಇಡೀ ಬೀದಿಗೆ ಗೊತ್ತಿತ್ತು.

ಆನಂದಪ್ಪನವರಿಗೆ ಇದ್ದ ಆಸೆ ಒಂದೇ. ಜೀವಮಾನದಲ್ಲಿ ಒಂದು ಸಲ, ಪೂರ್ತಿ ತಂಡದೊಡನೆ, ವೇದಿಕೆಯ ಮೇಲೆ, ಜನರ ಮುಂದೆ ಲೈಟ್‌ಹೌಸ್ ಹಾಡನ್ನು ನುಡಿಸಬೇಕು. ಮೂಟೆಗಳ ಮೇಲೆ ಮಲಗಿ ಕೇಳುವ ಹಮಾಲರು ಜನರೇ ಹೌದು, ಆದರೆ ಅವರಲ್ಲಿ ಅರ್ಧ ಜನ ಗೊರಕೆ ಹೊಡೆಯುತ್ತಿದ್ದರು. ರೈಲಿನ ಕೂಗು ಬಂದಾಗ ಮಾತ್ರ ಎಲ್ಲರೂ ಎದ್ದು ಕೂರುತ್ತಿದ್ದರು. ಮಧ್ಯಾಹ್ನದ ಕೆಲಸಕ್ಕೆ ಅವರಿಗೆ ಅದೇ ಗಂಟೆ.

ಯಶವಂತಪುರಕ್ಕೆ ಮೆಟ್ರೋ ಬಂದ ವರ್ಷ ಜಿಯಾವುಲ್ಲಾನ ಕೈಗೆ ದೊಡ್ಡ ಫೋನು ಬಂತು, ಫೋನಿನೊಳಗೆ ಫೇಸ್‌ಬುಕ್ ಬಂತು. ಅದರಲ್ಲಿ ಅವನು ಕಾಪರ್ ಹಾರ್ಸಿನ ಬೆಂಗಳೂರು ಅಭಿಮಾನಿಗಳ ಗುಂಪೊಂದನ್ನು ಹುಡುಕಿ ತೆಗೆದ. ಯಲಹಂಕದಲ್ಲಿ, ನಯನಾ ಎಂಬ ಹಲ್ಲಿನ ಡಾಕ್ಟರ ಮನೆಯ ತಾರಸಿಯ ಮೇಲೆ ಭಾನುವಾರ ಸಭೆಯೆಂದು ತಿಳಿಯಿತು. ಇಬ್ಬರೂ ಇಸ್ತ್ರಿಯ ಅಂಗಿ ತೊಟ್ಟು, ಹೆಣ್ಣು ನೋಡಲು ಹೊರಟವರಂತೆ ಒಂದು ಡಜನ್ ಬಾಳೆಹಣ್ಣು ಹಿಡಿದು ಹೋದರು.

ತಾರಸಿಯ ಮೇಲೆ ಏಳೆಂಟು ಮಂದಿ ಇದ್ದರು. ಎಲ್ಲರೂ ಆನಂದಪ್ಪನವರ ಅರ್ಧ ವಯಸ್ಸಿನವರು. ಯಾವ ಹಾಡಿನಲ್ಲಿ ಯಾವ ತಂತಿಯನ್ನು ಸಡಿಲಿಸಿದ್ದಾರೆ, ಯಾವ ಹಾಡಿನಲ್ಲಿ ಡ್ರಮ್ಮಿನವನು ಒಂದು ಪೆಟ್ಟು ನುಂಗಿದ್ದಾನೆ ಎಂದು ಅವರು ಚರ್ಚಿಸುತ್ತಿದ್ದುದನ್ನು ಕೇಳಿ ಆನಂದಪ್ಪನವರ ಕಣ್ಣು ತೇವಗೊಂಡಿತು. ಪರವೂರಿನಲ್ಲಿ ತನ್ನ ಭಾಷೆ ಕಿವಿಗೆ ಬಿದ್ದಾಗ ಆಗುತ್ತದಲ್ಲ, ಹಾಗೆ. ಲೈಟ್‌ಹೌಸ್ ಹಾಡಿನ ಮಾತು ಬಂದಾಗ ಅವರಿಗೆ ತಡೆಯಲಾಗಲಿಲ್ಲ. ಎಲ್ಲ ಸರಿ, ಆದರೆ ಆ ಹಾಡಿನಲ್ಲಿ ರೈಲಿಗಿಂತ ದೊಡ್ಡದು ಯಾವುದೂ ಇಲ್ಲ ಎಂದರು.

ಎಲ್ಲರೂ ಅವರ ಕಡೆ ತಿರುಗಿದರು.

“ಯಾವ ರೈಲು ಅಂಕಲ್?” ಎಂದಳು ನಯನಾ.

ಆನಂದಪ್ಪನವರು ಅನುಕಂಪದಿಂದ ನಕ್ಕು ಗಿಟಾರು ತೆಗೆದುಕೊಂಡರು, ಕೊಳವೆ ತೊಟ್ಟರು, ಹಾಡನ್ನು ಮೊದಲಿನಿಂದ ನುಡಿಸಿದರು. ಎಲ್ಲರೂ ಬೆರಗಾಗಿ ಕೇಳುತ್ತಿದ್ದರು. ರೈಲು ಬಂದಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಯನಾ ಲ್ಯಾಪ್‌ಟಾಪಿನಲ್ಲಿ ಮೂಲ ಹಾಡನ್ನು ಹಾಕಿದಳು. ಮೂರನೆಯ ಚರಣ ಮುಗಿಯಿತು. ವಾದ್ಯಗಳು ನಿಂತವು. ಆನಂದಪ್ಪನವರು ಬೆರಳೆತ್ತಿ, ಈಗ ನೋಡಿ ಎಂಬಂತೆ ಕಾದರು. ಏನೂ ಬರಲಿಲ್ಲ. ನಾಲ್ಕು ತಾಳದ ನಿಶ್ಶಬ್ದ ಕಳೆದು ಹಾಡು ತನ್ನ ಪಾಡಿಗೆ ಮುಂದುವರಿಯಿತು. ಬೆರಳು ಗಾಳಿಯಲ್ಲೇ ಉಳಿಯಿತು.

ಇನ್ನೊಮ್ಮೆ ಹಾಕಿಸಿ ಕೇಳಿದರು. ಇದು ಬೇರೆ ಪ್ರತಿಯಿರಬಹುದೆಂದರು. ಕೊನೆಗೆ ತಮ್ಮ ಮನೆ ಎಲ್ಲಿದೆ, ಕ್ಯಾಸೆಟ್ಟು ಹೇಗೆ ಮಾಡಿದ್ದು ಎಂದು ಅವರೇ ಹೇಳುತ್ತ ಹೇಳುತ್ತ, ಹಳಿಯ ಮಾತು ಬಂದ ಕಡೆ ತಾವೇ ನಿಲ್ಲಿಸಿದರು.

ಹಿಂತಿರುಗುವಾಗ ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡಿತು. ಅಲ್ಲಿಯವರೆಗೆ ಬಾಯಿ ಬಿಗಿಹಿಡಿದಿದ್ದ ಜಿಯಾವುಲ್ಲಾನಿಗೆ ಇನ್ನು ಆಗಲಿಲ್ಲ. “ಇಷ್ಟು ವರ್ಷ ನನ್ನತ್ರ ಬರೀ ರೈಲು ಬಿಟ್ಟಿದೀಯಲ್ಲೋ ಆನಂದಾ,” ಎಂದ.

“ನೀನು ಅದ್ರಲ್ಲಿ ಅವನ ಹೆಂಡ್ತಿನ ಹತ್ತಿಸಿದ್ಯಲ್ಲಪ್ಪ,” ಎಂದರು ಆನಂದಪ್ಪನವರು.

ಆಮೇಲೆ ಇಬ್ಬರೂ ಕಿಟಕಿಯಾಚೆ ಕೆರೆಯನ್ನು ನೋಡುತ್ತ ಕುಳಿತರು.

ಆ ಸಂಜೆ ಆನಂದಪ್ಪನವರು ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡರು. ಗೂಡ್ಸ್ ಗಾಡಿಯೊಂದು ಕೂಗಿಕೊಂಡು ಹೋಯಿತು. ಹುಟ್ಟಿ ಬೆಳೆದ ಮನೆಯಲ್ಲಿ ಅವರು ರೈಲಿನ ಕೂಗನ್ನು ಮೊದಲ ಬಾರಿಗೆ ಕೇಳಿದ್ದು ಅಂದೇ. ಚೆನ್ನಾಗಿಯೇ ಕೂಗುತ್ತಿತ್ತು.

ವಾರ ಕಳೆಯುವುದರೊಳಗೆ ನಯನಾ ಮಂಡಿಗೇ ಬಂದಳು. ಆನಂದಪ್ಪನವರಂಥ ಬೆರಳು ಅವಳ ಗುಂಪಿನಲ್ಲಿ ಯಾರಿಗೂ ಇರಲಿಲ್ಲ. ಅವಳದೇ ಒಂದು ತಂಡವಿತ್ತು. ಮುಖ್ಯ ಗಿಟಾರಿನವನು ಮದುವೆಯಾಗಿ ಮಂಗಳೂರಿಗೆ ಹೋಗಿಬಿಟ್ಟಿದ್ದ, ಡ್ರಮ್ಮಿನವನು ಅವನ ಮದುವೆಯಲ್ಲೇ ಜಗಳವಾಡಿ ತಂಡ ಬಿಟ್ಟಿದ್ದ. ಎರಡೂ ಜಾಗ ಖಾಲಿ, ಆದರೆ ನುಡಿಸಲು ವೇದಿಕೆಯೇ ಇಲ್ಲ. ವೇದಿಕೆ ಆನಂದಪ್ಪನವರ ಬಳಿ ಇತ್ತು. ಹಮಾಲರ ಮೇಸ್ತ್ರಿ ಲಕ್ಕಣ್ಣ ಪ್ರತಿವರ್ಷ ಮಾರುಕಟ್ಟೆಯ ಅಂಗಳದಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ನಡೆಸುತ್ತಿದ್ದ. ಹೋಗಿ ಕೇಳಿದರು. ಲಕ್ಕಣ್ಣ ಗಡ್ಡ ಕೆರೆದುಕೊಂಡು, ಉಳಿದುದೆಲ್ಲ ಕನ್ನಡ ಹಾಡೇ ಆಗಬೇಕು, ನಡುವೆ ಒಂದೇ ಒಂದು ಇಂಗ್ಲಿಷ್ ಹಾಡಿಗೆ ತನ್ನ ಅಡ್ಡಿಯಿಲ್ಲ ಎಂದ.

ನಯನಾಳದೂ ಒಂದು ಷರತ್ತಿತ್ತು.

“ಆ ಸೈಲೆನ್ಸೇ ಹಾಡಿನ ಜೀವ ಅಂಕಲ್. ದೀಪ ತಿರುಗಿ ಆಕಡೆ ಹೋದಾಗ ಈಕಡೆ ಕತ್ತಲಾಗುತ್ತಲ್ಲ, ಅದು. ಅಲ್ಲಿ ರೈಲು ಬಂದ್ರೆ ನಾನು ಸ್ಟೇಜ್ ಇಳಿದುಬಿಡ್ತೀನಿ.”

ಆನಂದಪ್ಪನವರು ಒಪ್ಪಿದರು. ಅವರ ಕೈ ಒಪ್ಪಲಿಲ್ಲ. ಅಭ್ಯಾಸದಲ್ಲಿ ಆ ಜಾಗ ಬಂದೊಡನೆ ಕಿರುಬೆರಳು ತಾನಾಗಿ ತಂತಿಯ ಮೇಲೆ ಜಾರುತ್ತಿತ್ತು, ರೈಲು ಬಂದೇ ಬಿಡುತ್ತಿತ್ತು. ನಯನಾ ಹಲ್ಲು ಕೀಳುವವಳ ಗಾಂಭೀರ್ಯದಿಂದ ಕೊಳವೆಯನ್ನು ಅವರ ಬೆರಳಿನಿಂದ ಕಳಚಿ ತನ್ನ ಬಳಿ ಇಟ್ಟುಕೊಂಡಳು. ಕೊಳವೆಯಿಲ್ಲದೆಯೂ ಬೆರಳು ಜಾರಿತು. ರೈಲಿನ ಬದಲು ಬೆಕ್ಕು ಬಂತು. ಡ್ರಮ್ಮಿನ ಹಿಂದಿದ್ದ ಜಿಯಾವುಲ್ಲಾ ಆ ಜಾಗ ಹತ್ತಿರವಾದಂತೆ ಕೆಂಪು ಕರವಸ್ತ್ರ ಎತ್ತಿ ತೋರಿಸುವುದೆಂದಾಯಿತು. ಅದನ್ನು ನೋಡಿದರೆ ಆನಂದಪ್ಪನವರಿಗೆ ರೈಲಿನ ನೆನಪೇ ಹೆಚ್ಚಾಗುತ್ತಿತ್ತು.

ಉಪಾಯ ಸಿಕ್ಕಿದ್ದು ರಾಧಾಮಣಿಯವರಿಂದ. ಮನೆಯಲ್ಲಿ ಗಂಡ ಒಬ್ಬರೇ ಒದ್ದಾಡುತ್ತಿದ್ದುದನ್ನು ಅಡುಗೆಮನೆಯಿಂದ ನೋಡುತ್ತಿದ್ದವರು, “ಆ ಕೈಗೆ ಬೇರೆ ಕೆಲ್ಸ ಕೊಡ್ರಿ. ಕನ್ನಡಕ ಮೇಲೆ ಮಾಡ್ಕೊಳ್ಳಿ,” ಎಂದರು. ಹಾಗೆಯೇ ಆಯಿತು. ವಾದ್ಯ ನಿಂತೊಡನೆ ಎಡಗೈ ಎತ್ತಿ ಕನ್ನಡಕವನ್ನು ನಿಧಾನವಾಗಿ ಮೂಗಿನ ಮೇಲಕ್ಕೆ ಏರಿಸಬೇಕು. ಅದು ಏರುವಷ್ಟರಲ್ಲಿ ನಾಲ್ಕು ತಾಳ ಮುಗಿದಿರುತ್ತದೆ. ಹಗಲೂ ಸಂಜೆಯೂ ಇದೇ ಅಭ್ಯಾಸ. ಹರಾಜಿನ ನಡುವೆ ಒಂದು ಕ್ಷಣ ಮಾತು ನಿಂತರೂ ಅವರ ಕೈ ಕನ್ನಡಕಕ್ಕೆ ಹೋಗುತ್ತಿತ್ತು. ಅದನ್ನು ಏನೋ ಸನ್ನೆಯೆಂದು ತಿಳಿದು ವ್ಯಾಪಾರಿಗಳು ಗೊಂದಲಗೊಂಡರು.

ರಾಜ್ಯೋತ್ಸವದ ದಿನ ಅಂಗಳ ತುಂಬಿತ್ತು. ಕೆಂಪು-ಹಳದಿ ಬಾವುಟ ಕಟ್ಟಿದ್ದರು, ಈರುಳ್ಳಿ ಮೂಟೆಗಳನ್ನೇ ಮೆಟ್ಟಿಲುಮೆಟ್ಟಿಲಾಗಿ ಪೇರಿಸಿ ಆಸನ ಮಾಡಿದ್ದರು. ಮುಂದಿನ ಸಾಲಿನಲ್ಲಿ ರಾಧಾಮಣಿ ರೇಷ್ಮೆ ಸೀರೆಯುಟ್ಟು, ತಲೆನೋವಿನ ಮುಲಾಮನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. ಕನ್ನಡ ಹಾಡುಗಳಾದ ಮೇಲೆ ಲಕ್ಕಣ್ಣ ಮೈಕಿನ ಮುಂದೆ ಬಂದು, ಈಗ ನಮ್ಮ ಆನಂದಣ್ಣ ಎಂದಷ್ಟೇ ಹೇಳಿ ಇಳಿದುಹೋದ.

ಹಾಡು ಶುರುವಾಯಿತು. ಬಗಲಲ್ಲಿ ನಯನಾಳ ಬೇಸ್ ಗಿಟಾರು, ಬೆನ್ನಿಗೆ ಜಿಯಾವುಲ್ಲಾನ ಡ್ರಮ್ಮು. ತಾವು ಒಂಟಿಯಾಗಿ ಎಳೆದುಕೊಂಡು ಬಂದ ಗಾಡಿಗೆ ಎತ್ತು ಕಟ್ಟಿದಂತಾಯಿತು ಆನಂದಪ್ಪನವರಿಗೆ. ಮೊದಲ ಚರಣ ಹೋಯಿತು, ಎರಡನೆಯದು ಹೋಯಿತು. ಮೂರನೆಯದು ಮುಗಿಯುತ್ತ ಬಂದಂತೆ ಹಣೆಯ ಬೆವರು ಕನ್ನಡಕದ ಮೇಲೆ ಇಳಿಯಿತು. ವಾದ್ಯಗಳು ನಿಂತವು. ಕೈ ಏರಿತು, ಕನ್ನಡಕ ಏರಿತು. ಬೆರಳು ತಂತಿಯ ಕಡೆ ಸುಳಿಯಲಿಲ್ಲ. ನಿಶ್ಶಬ್ದ ಹೇಗಿರಬೇಕೋ ಹಾಗೆ ಬಂತು. ಆನಂದಪ್ಪನವರಿಗೆ ದೀಪ ಆಕಡೆ ತಿರುಗಿದಂತೆಯೇ ಅನ್ನಿಸಿತು.

ಆಗ ಮೂಟೆಗಳ ಮೇಲಿನಿಂದ ಒಬ್ಬ ಹಮಾಲ “ಕೂ...” ಎಂದ.

ಅವನ ಪಕ್ಕದವನು ಸೇರಿಕೊಂಡ. ಹಿಂದಿನ ಸಾಲು ಸೇರಿಕೊಂಡಿತು. ಮಧ್ಯಾಹ್ನದ ನಿದ್ದೆಯಲ್ಲೂ ಆ ಹಾಡನ್ನು ಬಲ್ಲ ಅಂಗಳವೆಲ್ಲ, ಆನಂದಪ್ಪನವರು ದಿನವೂ ನುಡಿಸುತ್ತಿದ್ದ ಶ್ರುತಿಯಲ್ಲೇ ಉದ್ದವಾಗಿ ಕೂಗಿತು. ಹಾಡಿನ ಮುಂದಿನ ಭಾಗ ಎತ್ತಿಕೊಳ್ಳಬೇಕಾಗಿದ್ದ ತಂಡ ಎತ್ತಿಕೊಳ್ಳಲಿಲ್ಲ. ಡ್ರಮ್ಮಿನ ಕಡ್ಡಿಗಳು ಮೇಲೆಯೇ ನಿಂತವು. ಲಕ್ಕಣ್ಣ ವೇದಿಕೆಯ ಅಂಚಿಗೆ ಬಂದು, ಸಾಮಾನು ಕಾಣೆಯಾದವನಂತೆ, “ಆನಂದಣ್ಣಾ, ರೈಲೆಲ್ಲೋಯ್ತು? ಇಷ್ಟ್ ದಿನ ಇಂಗಿರ್ಲಿಲ್ವಲ್ಲ,” ಎಂದು ಕೇಳಿದ.

ಆನಂದಪ್ಪನವರು ನಯನಾಳ ಕಡೆ ನೋಡಲಾರದೆ ತಮ್ಮ ಚಪ್ಪಲಿ ನೋಡಿಕೊಂಡರು. ಅವಳು ಇಳಿದುಹೋದರೆ ಹಾಡೂ ಹೋಯಿತು, ತಂಡವೂ ಹೋಯಿತು. ಹೆಜ್ಜೆಯ ಸದ್ದು ಕೇಳಿಸಿತು. ಆದರೆ ಅದು ಮೆಟ್ಟಿಲ ಕಡೆಗಲ್ಲ, ಅವರ ಕಡೆಗೆ ಬಂತು. ನಯನಾ ಕುರ್ತಾದ ಜೇಬಿಗೆ ಕೈ ಹಾಕಿ ಸೈಕಲ್ ಪಂಪಿನ ಕೊಳವೆಯನ್ನು ತೆಗೆದು ಅವರ ಮುಂದೆ ಹಿಡಿದಳು.

“ನಿಮ್ ಸ್ಟೇಷನ್ನು ಅಂಕಲ್. ನೀವೇ ನೋಡ್ಕೊಳ್ಳಿ.”

ಕೊಳವೆ ಕಿರುಬೆರಳಿಗೆ ಏರಿತು. ಗಿಟಾರಿನಿಂದ ರೈಲು ಎಂಥ ಕೂಗು ಕೂಗಿತೆಂದರೆ, ತಗಡಿನ ಮೇಲಿನ ಪಾರಿವಾಳಗಳು ಬೆಳಗಾಯಿತೆಂದು ಹಾರಿದವು. ಅಭ್ಯಾಸಬಲದಿಂದ ಇಬ್ಬರು ಹಮಾಲರು ಎದ್ದು ತಲೆಗೆ ಟವಲು ಸುತ್ತಿಕೊಂಡು ಕೆಲಸಕ್ಕೆ ಹೊರಟೇಬಿಟ್ಟರು. ಪಕ್ಕದವರು ಹಿಡಿದು ಕೂಡಿಸಬೇಕಾಯಿತು. ಕೂಗಿನ ಬಾಲ ಹಿಡಿದುಕೊಂಡೇ ಜಿಯಾವುಲ್ಲಾ ಡ್ರಮ್ಮಿನ ಮೇಲೆ ಬಿದ್ದ, ನಯನಾ ನಗುತ್ತ ಸೇರಿಕೊಂಡಳು, ಹಾಡು ದಡ ಮುಟ್ಟಿತು.

ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಆನಂದಪ್ಪನವರು ವೇದಿಕೆ ಇಳಿದು ಬಂದಾಗ ರಾಧಾಮಣಿ ಮುಲಾಮಿನ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಹಾಡು ಹೇಗಿತ್ತೆಂದು ಗಂಡ ಕೇಳಲಿಲ್ಲ, ಕೇಳುವ ಧೈರ್ಯ ಯಾವತ್ತೂ ಇರಲಿಲ್ಲ. ಹಳಿ ದಾಟಿ ಮನೆಯ ದಾರಿ ಹಿಡಿದ ಮೇಲೆ ರಾಧಾಮಣಿಯೇ ಬಾಯಿ ತೆರೆದರು.

“ಇವತ್ತು ಸ್ವಲ್ಪ ಲೇಟಾಯ್ತು ಕಣ್ರೀ ರೈಲು. ನಂಗೆ ಜೀವ ಬಾಯಿಗೆ ಬಂದಿತ್ತು.”